ಕಳುವಾದ ಪುಸ್ತಕದ ಒಡತಿ

ನಮ್ಮ ಬೀದಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎದುರಿಗೆ ಟೀಚರ್, ಬೆನ್ನ ಹಿಂದೆ ಅರ್ಧ ಇಂಚು ಟೀಚರ್. ಕತ್ತರಿಸಿದ ಯಾವ ಬಟ್ಟೆ ತೋರಿಸಿದರೂ ಕನ್ನಡಕವನ್ನು ಹಣೆಗೇರಿಸಿ, ಬರಿಗಣ್ಣಲ್ಲೇ ಒಮ್ಮೆ ನೋಡಿ, "ಇಲ್ಲಿ ಅರ್ಧ ಇಂಚು ಜಾಸ್ತಿ ಆಯ್ತಲ್ಲ ತಾಯಿ" ಎನ್ನುತ್ತಿದ್ದರು. ಟೇಪು ಹಿಡಿದು ನೋಡಿದರೆ ಸರಿಯಾಗಿ ಅರ್ಧ ಇಂಚೇ ಇರುತ್ತಿತ್ತು. ನಾನು ಅವರ ಹತ್ತಿರ ಎರಡು ವರ್ಷ ಕಲಿತವಳು. ಈಗ ಎರಡು ಬೀದಿ ಆಚೆ ನನ್ನದೇ ಹೊಲಿಗೆ ಅಂಗಡಿ ಇದೆ. ಅವರಿಗೆ ಆದದ್ದನ್ನು ಹತ್ತಿರದಿಂದ ಕಂಡವಳು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಅವರ ತರಗತಿ ನಡೆಯುತ್ತಿದ್ದದ್ದು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಎಂಟು ಹೊಲಿಗೆ ಯಂತ್ರ, ಕಿಟಕಿಯ ಉದ್ದಕ್ಕೂ ಒಂದು ಕತ್ತರಿಸುವ ಮೇಜು, ಮೂಲೆಯಲ್ಲಿ ಕಂದು ಕಾಗದದ ಸುರುಳಿಗಳು. ಕೆಳಗಿನ ಅಂಗಡಿಯಲ್ಲಿ ಕಬ್ಬಿಣದ ಪೈಪು ಕೊಯ್ಯಲು ಶುರು ಮಾಡಿದರೆ ನಮಗೆ ಪಾಠ ನಿಲ್ಲುತ್ತಿತ್ತು. ಆಗ ಟೀಚರ್ ಮಾತಿಲ್ಲದೆ ಕಾಗದದ ಮೇಲೆ ಬರೆದು ತೋರಿಸುತ್ತಿದ್ದರು. ಹಾಗೆ ಬರೆದದ್ದನ್ನೇ ಜೋಡಿಸುತ್ತಾ ಹೋಗಿ ಹನ್ನೊಂದು ವರ್ಷದಲ್ಲಿ ಒಂದು ಪುಸ್ತಕ ಮಾಡಿದರು. ಅಂಗಿ, ಫ್ರಾಕು, ಶಾಲೆಯ ಸಮವಸ್ತ್ರ, ಕೋಟು, ಎಲ್ಲದರ ಕತ್ತರಿಸುವ ಕ್ರಮ. ಎಲ್ಲ ಚಿತ್ರವೂ ಅವರದೇ ಕೈಯದು. ಮೊದಲ ಮುದ್ರಣ ಎರಡು ವರ್ಷದಲ್ಲಿ ಮುಗಿಯಿತು. ಎರಡನೆಯದು ಪ್ರಕಾಶಕರ ಗೋದಾಮಿನಲ್ಲಿ ಕಟ್ಟು ಕಟ್ಟಾಗಿ ಹಾಗೇ ಕೂತಿತು.

ಯಾಕೆ ಕೂತಿತು ಎನ್ನುವುದು ಒಂದು ಬೆಳಿಗ್ಗೆ ಗೊತ್ತಾಯಿತು. ಹೊಸದಾಗಿ ಸೇರಿದ ಹೆಂಗಸೊಬ್ಬರು ಬ್ಯಾಗಿನಿಂದ ಒಂದು ಜೆರಾಕ್ಸ್ ಕಟ್ಟು ತೆಗೆದು, "ಟೀಚರ್, ನಿಮ್ಮ ಪುಸ್ತಕದ ಮೇಲೆ ಒಂದು ಸಹಿ ಹಾಕಿಕೊಡಿ" ಎಂದು ಮುಂದೆ ಹಿಡಿದರು. ಪಾಪ, ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಫೋನಿನಲ್ಲಿ ಯಾರೋ ಪಿಡಿಎಫ್ ಕಳಿಸಿದ್ದರು, ಇವರು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಪಿನ್ನು ಹೊಡೆಸಿಕೊಂಡಿದ್ದರು. ಟೀಚರ್ ಅದನ್ನು ಎರಡು ಸಲ ತಿರುವಿ ನೋಡಿದರು.

"ಇದನ್ನ ಬರೆಯೋಕೆ ನನಗೆ ಹನ್ನೊಂದು ವರ್ಷ ಹಿಡೀತು" ಅಂದರು. "ಇದಕ್ಕೆ ಪಿನ್ನು ಹೊಡೆಯೋಕೆ ಎಷ್ಟು ಹೊತ್ತು ಹಿಡೀತಮ್ಮ?"

ಆ ಹೆಂಗಸು ಕಣ್ಣಲ್ಲಿ ನೀರು ತಂದುಕೊಂಡರು. ಟೀಚರ್ ಸಹಿ ಹಾಕಲಿಲ್ಲ, ಬೈಯಲೂ ಇಲ್ಲ. ಆವತ್ತು ಇಡೀ ದಿನ ಒಬ್ಬರ ಬಟ್ಟೆಯಲ್ಲೂ ತಪ್ಪು ಹೇಳಲಿಲ್ಲ. ಅದೇ ನಮಗೆ ದೊಡ್ಡ ಶಿಕ್ಷೆಯಾಗಿತ್ತು.

ಆದ್ದರಿಂದ, ಕೆಲವು ತಿಂಗಳ ನಂತರ ಪ್ರಕಾಶಕರು ಒಂದು ಕಾಗದ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಾಗ ಟೀಚರ್ ಕುರ್ಚಿ ಎಳೆದು ಕೂರಿಸಿದರು.

"ಇನ್ನು ಚಿಂತೆ ಬಿಡಿ ಟೀಚರ್" ಅಂದರು ಪ್ರಕಾಶಕರು. "ಪೈರಸಿ ತಡೆಯೋಕೆ ಅಂತ ಸರ್ಕಾರ ಸದ್ಯಕ್ಕೆ ಒಂದು ಆದೇಶ ತಂದಿದೆ. ಮುಂದಿನ ವರ್ಷ ಅದನ್ನೇ ಕಾಯಂ ಕಾನೂನು ಮಾಡ್ತಾರೆ. ಕದ್ದ ಪುಸ್ತಕ ಇರೋ ಜಾಲತಾಣದ ಮೇಲೆ ನಾವೊಂದು ದೂರು ಕೊಟ್ರೆ ಸಾಕು, ಎರಡು ದಿನದಲ್ಲಿ ಮುಚ್ಚಿಸ್ತಾರೆ."

"ಎಲ್ಲಿ ಸಹಿ ಹಾಕಬೇಕು?" ಅಷ್ಟೇ ಕೇಳಿದ್ದು ಟೀಚರ್. ಅವರ ಪರವಾಗಿ ದೂರು ಕೊಡುವ ಅಧಿಕಾರ ಪ್ರಕಾಶಕರಿಗೆ ಸಿಕ್ಕಿತು.

ಅದೇ ದಿನಗಳಲ್ಲಿ ಬಸ್ ನಿಲ್ದಾಣದ ಹತ್ತಿರ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕಿ ಒಂದು ಮೇಜು ಹಾಕಿಕೊಂಡು, ಆ ಕಾನೂನು ಬೇಡ ಎಂದು ಸಹಿ ಸಂಗ್ರಹಿಸುತ್ತಿದ್ದರು. ನಾನೂ ಟೀಚರೂ ಗುಂಡಿ, ದಾರ ಕೊಳ್ಳಲು ಆ ದಾರಿಯಲ್ಲಿ ಹೋಗುತ್ತಿದ್ದಾಗ ಆಕೆ ಪೆನ್ನು ಚಾಚಿದರು. "ಪುಸ್ತಕ ಕಾಯೋ ಕೆಲಸದಲ್ಲಿದ್ದು ಕಳ್ಳರ ಪರ ನಿಂತಿದ್ದೀರಲ್ಲ" ಎಂದು ಟೀಚರ್ ಮುಖಕ್ಕೆ ಹೊಡೆದ ಹಾಗೆ ಹೇಳಿ ಮುಂದೆ ಹೋದರು. ಆಕೆ ಹಿಂದಿನಿಂದ, "ಒಂದು ಸಲ ಓದಿ ನೋಡಿ ಮೇಡಂ" ಅಂದದ್ದು ನನಗೆ ಕೇಳಿಸಿತು. ಟೀಚರಿಗೂ ಕೇಳಿಸಿರಬೇಕು, ನಡಿಗೆ ಜೋರಾಯಿತು.

ಟೀಚರ್ ಮದುವೆಯಾಗಿರಲಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದ ಅಕ್ಕನ ಮಗಳು ಅವರ ಜೊತೆಗೇ ಇದ್ದಳು. ಆರು ವರ್ಷದ ಹಿಂದೆ ಅವಳೇ ಚಿಕ್ಕಮ್ಮನಿಗೆ ಒಂದು ಹಳೆ ಕಂಪ್ಯೂಟರ್ ತಂದುಕೊಟ್ಟು, 'ಸೂಜಿದಾರ' ಎಂಬ ಜಾಲತಾಣ ತೋರಿಸಿಕೊಟ್ಟಿದ್ದಳು. ಹೊಲಿಗೆಯವರು ಪ್ರಶ್ನೆ ಕೇಳುವ, ಬೇರೆ ಹೊಲಿಗೆಯವರು ಉತ್ತರ ಬರೆಯುವ ಜಾಗ ಅದು. ಟೀಚರ್ ದಿನವೂ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಉತ್ತರ ಬರೆಯುತ್ತಿದ್ದರು. ಸಣ್ಣ ಪುಟ್ಟ ಪ್ರಶ್ನೆಗಳನ್ನು ಬೇರೆಯವರಿಗೆ ಬಿಡುತ್ತಿದ್ದರು. ಅವರು ಕೂತು ಬರೆಯುತ್ತಿದ್ದದ್ದು 'ಅಳತೆಗೆ ಸಿಗದ ಮೈ' ಎಂಬ ವಿಭಾಗದಲ್ಲಿ. ಬೆನ್ನು ಬಾಗಿದ ಅಜ್ಜನಿಗೆ ಕೋಟು ಹಿಂದೆ ಮೇಲೇಳದಂತೆ ಹೇಗೆ ಕತ್ತರಿಸಬೇಕು, ಎದೆಯ ಶಸ್ತ್ರಚಿಕಿತ್ಸೆಯಾದ ಹೆಂಗಸಿಗೆ ಅಂಗಿ ಎಲ್ಲಿ ಸಡಿಲ ಬಿಡಬೇಕು, ಒಂದೇ ಕೈ ಆಡುವವರು ತಾವೇ ಹಾಕಿಕೊಳ್ಳುವಂತೆ ಗುಂಡಿ ಎಲ್ಲಿಡಬೇಕು. ಇವು ಅವರ ಪುಸ್ತಕದಲ್ಲೂ ಇರಲಿಲ್ಲ. ಪುಸ್ತಕ ಬಂದ ಮೇಲೆ, ಜನ ಕೇಳಿದ ಮೇಲೆ, ಮೇಜಿನ ಮೇಲೆ ಕಾಗದ ಹರಡಿ ಕತ್ತರಿಸಿ ನೋಡಿ ಕಂಡುಕೊಂಡದ್ದು.

ಒಂದು ಮಧ್ಯಾಹ್ನ ನಾನು ನನ್ನ ಹೊಸ ಅಂಗಡಿಯ ಯಂತ್ರಕ್ಕೆ ಬೆಲ್ಟು ಕೇಳಲು ಹೋಗಿದ್ದೆ. ಟೀಚರ್ ಕಂಪ್ಯೂಟರ್ ಮುಂದೆ ಮಿಕಮಿಕ ನೋಡುತ್ತಾ ಕೂತಿದ್ದರು. ಪರದೆಯ ಮೇಲೆ ಬೂದು ಬಣ್ಣದ ಒಂದು ಪುಟ, ನಡುವೆ ಎರಡು ಸಾಲು: ಹಕ್ಕುದಾರರ ದೂರಿನ ಮೇರೆಗೆ ಈ ತಾಣವನ್ನು ಮುಚ್ಚಲಾಗಿದೆ. ಕೆಳಗೆ ದೂರಿನ ಸಂಖ್ಯೆ.

"ನಿನ್ನೆ ಒಬ್ಬಳಿಗೆ ಅರ್ಧ ಉತ್ತರ ಬರೆದಿದ್ದೆ ಕಣೆ" ಅಂದರು. "ಮಗುವಿನ ಸೊಂಟಕ್ಕೆ ಪಟ್ಟಿ ಕಟ್ಟಿದ್ದಾರಂತೆ, ಅದರ ಮೇಲೆ ಪ್ಯಾಂಟು ಕೂರಬೇಕು. ಮುಂದಿನ ಭಾಗ ಹೇಳಿದ್ದೆ, ಹಿಂದಿನದು ಇವತ್ತು ಬರೀತೀನಿ ಅಂದಿದ್ದೆ. ಅವಳು ಬಟ್ಟೆ ಕತ್ತರಿಸಿಬಿಟ್ಟಿದ್ದರೆ?"

ಸಂಜೆ ಅಕ್ಕನ ಮಗಳು ಬಂದು ದೂರಿನ ಸಂಖ್ಯೆ ಹಾಕಿ ವಿವರ ಹುಡುಕಿದಳು. ಪರದೆಯನ್ನು ಚಿಕ್ಕಮ್ಮನ ಕಡೆ ತಿರುಗಿಸಿದಳು. ಆಮೇಲೆ, "ಚಿಕ್ಕಮ್ಮ, ದೂರು ಕೊಟ್ಟಿರೋದು ನೀವೇ" ಅಂದಳು.

ಆದದ್ದು ಇಷ್ಟು. ಸೂಜಿದಾರದಲ್ಲಿ ಎಡಗೈ ಎಂದು ಹೆಸರಿಟ್ಟುಕೊಂಡ ಒಬ್ಬಳಿದ್ದಳು. ಎಡಗೈಯಲ್ಲಿ ಕತ್ತರಿ ಹಿಡಿಯುವವರಿಗೆ ಪುಸ್ತಕದ ಚಿತ್ರಗಳು ತಿರುಗಾಮುರುಗಾ ಕಾಣುತ್ತವೆ ಎಂದು ಅವಳು ಟೀಚರ್ ಪುಸ್ತಕದ ಹತ್ತು ಪುಟಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದು ತಾಣದಲ್ಲಿ ಹಾಕಿದ್ದಳು. ಪಕ್ಕದಲ್ಲೇ ಅಚ್ಚಾದ ಪುಟವನ್ನೂ ಇಟ್ಟಿದ್ದಳು. ಪ್ರಕಾಶಕರ ಕಚೇರಿಯವರು ಕಂಪ್ಯೂಟರಿನಲ್ಲಿ ಪುಸ್ತಕದ ಹೆಸರು ಹುಡುಕಿದಾಗ ಸಿಕ್ಕ ನಲವತ್ತು ತಾಣಗಳ ಪಟ್ಟಿಯಲ್ಲಿ ಅದೂ ಒಂದಾಯಿತು. ಹತ್ತು ಪುಟಕ್ಕಾಗಿ ಇಡೀ ತಾಣಕ್ಕೆ ಬೀಗ ಬಿತ್ತು. ದೂರುದಾರರ ಜಾಗದಲ್ಲಿ ಟೀಚರ್ ಹೆಸರು.

ಮಾರನೆಯ ದಿನ ಟೀಚರ್ ಪ್ರಕಾಶಕರಿಗೆ ಫೋನು ಮಾಡಿದರು. ನಾವು ಕೇಳಲಿ ಎಂದು ಸ್ಪೀಕರ್ ಹಾಕಿದ್ದರು.

"ದೂರು ವಾಪಸ್ ತಗೊಳ್ಳಿ."

"ತಗೋಬಹುದು ಟೀಚರ್. ಆದರೆ ತಗೊಂಡ್ರೂ ತಾಣ ತೆರೆಯಲ್ಲ. ತೆರೆಯೋಕೆ ಅದನ್ನ ನಡೆಸೋರು ವಕೀಲರ ಮೂಲಕ ಅರ್ಜಿ ಹಾಕಬೇಕು. ವಿಚಾರಣೆಗೆ ತೊಂಬತ್ತು ದಿನ ಟೈಮ್ ಇದೆ."

"ಮುಚ್ಚೋಕೆ ಎರಡು ದಿನ, ತೆರೆಯೋಕೆ ತೊಂಬತ್ತಾ?"

"ಆದೇಶ ಹಾಗಿದೆ. ನಾನೇನು ಮಾಡಲಿ?"

"ಮುಚ್ಚೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನೀವೇ ಅಲ್ವಾ ಸಹಿ ಹಾಕಿದ್ದು?" ಪ್ರಕಾಶಕರು ಒರಟಾಗಿ ಹೇಳಲಿಲ್ಲ. ಅವರು ಕೆಟ್ಟವರಲ್ಲ, ಅವರ ಗೋದಾಮಿನಲ್ಲೂ ಕಟ್ಟುಗಳು ಕೂತಿದ್ದವು. ಟೀಚರ್ ಫೋನು ಇಟ್ಟು, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಲೋಹದ ಟೋಪಿಯನ್ನು ತಿರುಗಿಸುತ್ತಾ ಕೂತರು.

ಹೊಲಿಗೆಯವರ ನಡುವೆ ಸುದ್ದಿ ಹರಡಿತು. ಕೆಲವರು ನನ್ನ ಅಂಗಡಿಗೇ ಬಂದು, "ನಿಮ್ಮ ಟೀಚರ್ ಹೀಗೆ ಮಾಡಿಬಿಟ್ರಲ್ಲ" ಅಂದರು. ಎಡಗೈ ಮಾತ್ರ ಅಕ್ಕನ ಮಗಳ ಫೋನಿಗೆ ನಾಲ್ಕು ಸಾಲು ಕಳಿಸಿದಳು. ಪುಟ ಹಾಕುವ ಮುಂಚೆ ಕೇಳಬೇಕಿತ್ತು, ತಪ್ಪಾಯಿತು, ಹೇಳಿದ್ದರೆ ಆವತ್ತೇ ತೆಗೆಯುತ್ತಿದ್ದೆ ಎಂದಿತ್ತು. ಟೀಚರ್ ಅದನ್ನು ಓದಿಸಿಕೊಂಡು ಕೇಳಿ, "ನನಗೇ ಹೇಳಿರಲಿಲ್ಲ ಅಂತ ಬರಿ" ಅಂದರು. ಅವಳು ಬರೆಯತೊಡಗುತ್ತಲೇ, "ಬೇಡ, ಅದು ನೆಪ ಹೇಳಿದ ಹಾಗಾಗುತ್ತೆ. ಟೀಚರ್ ಓದಿದ್ರು ಅಂತ ಮಾತ್ರ ಬರಿ" ಅಂದರು.

ಅದಾದ ಮೇಲೆ ಅವರು ಒಬ್ಬರೇ ಗ್ರಂಥಾಲಯಕ್ಕೆ ಹೋದರು. ಬಸ್ ನಿಲ್ದಾಣದಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿ, ಆ ಕಾಯಂ ಕಾನೂನಿನ ಮಸೂದೆಯ ಪ್ರತಿ ತೆಗೆಸಿಕೊಂಡು, ಎರಡು ವಾರ ದಿನವೂ ಬೆಳಿಗ್ಗೆ ಅಲ್ಲೇ ಕೂತು ಓದಿದರು. ಅರ್ಥವಾಗದ ಕಡೆ ಬಟ್ಟೆಗೆ ಗುರುತು ಹಾಕುವ ಹಾಗೆ ಗೀಟು ಹಾಕಿಕೊಂಡರು. ಗ್ರಂಥಪಾಲಕಿ ಬಿಡಿಸಿ ಹೇಳುತ್ತಿದ್ದರು. ಅವರ ಸಂಕಟವೇ ಬೇರೆ: ಓದುಗರು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಏನು ತೆರೆದರೂ ಗ್ರಂಥಾಲಯವೇ ಹೊಣೆ ಎಂದು ಮಸೂದೆಯಲ್ಲಿತ್ತು. ಹಾಗಾದರೆ ಕಂಪ್ಯೂಟರ್‌ಗಳ ತಂತಿ ಕಿತ್ತು ಮೂಲೆಗಿಡುವುದೊಂದೇ ದಾರಿ ಎಂದು ಅವರು ಹೇಳಿದರಂತೆ.

ಆ ಹೊತ್ತಿಗೆ ವಿರೋಧ ಎಲ್ಲ ಕಡೆ ಎದ್ದಿತ್ತು. ಒಂದು ಸೋಮವಾರ ನೂರಾರು ತಾಣಗಳು ತಾವಾಗಿಯೇ ಬಾಗಿಲು ಹಾಕಿಕೊಂಡವು. ಹವಾಮಾನ ನೋಡುವ ತಾಣ, ಬಸ್ಸಿನ ವೇಳೆ ಹೇಳುವ ತಾಣ, ಅಡುಗೆ ಬರೆಯುವವರದು, ಚಿತ್ರ ಬಿಡಿಸುವವರದು, ಯಾವುದನ್ನು ತೆರೆದರೂ ಕಪ್ಪು ಪುಟ. ಎಲ್ಲದರಲ್ಲೂ ಒಂದೇ ಪ್ರಶ್ನೆ: ಒಂದು ದೂರಿಗೆ, ನಮ್ಮ ಮಾತೂ ಕೇಳದೆ, ಇದೆಲ್ಲ ಹೋದರೆ? ನನ್ನ ಅಂಗಡಿಗೆ ಬಂದ ಗಿರಾಕಿಗಳೆಲ್ಲ ಅದನ್ನೇ ಮಾತಾಡಿದರು. ಬಸ್ ಎಷ್ಟೊತ್ತಿಗೆ ಎಂದು ಗೊತ್ತಾಗದೆ ಒಬ್ಬರು ನನ್ನ ಸ್ಟೂಲಿನ ಮೇಲೆ ಮುಕ್ಕಾಲು ಗಂಟೆ ಕೂತು, ಸರ್ಕಾರಕ್ಕೂ ಬೈದು, ಬಾಗಿಲು ಹಾಕಿಕೊಂಡವರಿಗೂ ಬೈದು, ಹೋಗುವಾಗ ನಾನು ಅಂಗಡಿಯಲ್ಲಿಟ್ಟಿದ್ದ ಗ್ರಂಥಪಾಲಕಿಯ ಅರ್ಜಿಗೆ ಸಹಿ ಹಾಕಿ ಹೋದರು.

ಮಸೂದೆಯ ಬಗ್ಗೆ ಜನರ ಅಹವಾಲು ಕೇಳಲು ಒಂದು ಸಮಿತಿ ಕೂತಿತು. ಪ್ರಕಾಶಕರ ಸಂಘದವರು ಪೈರಸಿಯಿಂದ ನೊಂದವರು ಎಂದು ಮೂವರ ಹೆಸರು ಕೊಟ್ಟರು, ಅದರಲ್ಲಿ ಟೀಚರೂ ಒಬ್ಬರು. ಅವರಿಗೆ ಪತ್ರ ಬಂದಾಗ ಅಕ್ಕನ ಮಗಳು, "ಹೋಗಲ್ಲ ಅಂತ ಬರೆದುಬಿಡಿ ಚಿಕ್ಕಮ್ಮ" ಅಂದಳು.

"ಯಾಕೆ ಹೋಗಬಾರದು? ನೊಂದಿರೋದು ನಿಜ ತಾನೆ?"

"ಅಲ್ಲಿ ಹೋಗಿ ಏನಂತ ಹೇಳ್ತೀರಿ?"

"ಆದದ್ದನ್ನ."

ಪ್ರಕಾಶಕರಿಗೂ ಅವರು ಮೊದಲೇ ಫೋನು ಮಾಡಿ ತಿಳಿಸಿದರು. "ನಾನು ನಿಮಗೆ ಇಷ್ಟವಾಗೋ ಹಾಗೆ ಮಾತಾಡಲ್ಲ, ಬೇಕಿದ್ರೆ ಹೆಸರು ತೆಗೆಸಿ" ಅಂದರು. ಪ್ರಕಾಶಕರು ನಕ್ಕು, "ಅಲ್ಲಿ ಹೋದಾಗ ಕಳುವಾದ ಪುಸ್ತಕ ನೆನಪಾಗಿ ನಮ್ಮ ಪರವೇ ಮಾತಾಡ್ತೀರಿ, ಬನ್ನಿ" ಅಂದರು.

ಸಭಾಂಗಣದ ಹೊರಗೆ ಜನವೋ ಜನ. ಬಾಗಿಲಲ್ಲಿ ಪರ ಇರುವವರಿಗೆ ನೀಲಿ ಬಿಲ್ಲೆ, ವಿರೋಧಿಗಳಿಗೆ ಹಳದಿ ಬಿಲ್ಲೆ ಕೊಡುತ್ತಿದ್ದರು. ಟೀಚರ್ ಸಮವಸ್ತ್ರದಂತೆ ಇಸ್ತ್ರಿ ಮಾಡಿದ ಬೂದು ಕೋಟು ಹಾಕಿದ್ದರು. ನೀಲಿ ಬಿಲ್ಲೆ ಅವರ ಎದೆಗೇರಿದ್ದು ಕಂಡು ಹಳದಿಯವರಲ್ಲಿ ಒಬ್ಬರು ಮುಖ ತಿರುಗಿಸಿದರು. ಗ್ರಂಥಪಾಲಕಿ ಮಾತ್ರ ದೂರದಿಂದ ತಲೆ ಆಡಿಸಿದರು. ನಾನೂ ಅಕ್ಕನ ಮಗಳೂ ಹಿಂದಿನ ಬೆಂಚಿನಲ್ಲಿ ಕೂತೆವು.

ಒಬ್ಬೊಬ್ಬರಿಗೆ ಐದು ನಿಮಿಷ. ಟೀಚರ್ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಪಿನ್ನು ಹೊಡೆದ ಜೆರಾಕ್ಸ್ ಪ್ರತಿ ಒಂದನ್ನಿಟ್ಟರು.

"ಇದು ನಾನು ಬರೆದದ್ದು, ಇದು ಕದ್ದದ್ದು" ಎಂದು ಶುರು ಮಾಡಿದರು. "ಕದ್ದಾಗ ಹೊಟ್ಟೆ ಉರೀತು, ಈಗಲೂ ಉರಿಯುತ್ತೆ. ಹೊಟ್ಟೆ ಉರಿಯಲ್ಲೇ ಒಂದು ಕಾಗದಕ್ಕೆ ಸಹಿ ಹಾಕಿದೆ. ಆ ಸಹಿಯಿಂದ ನಾಲ್ಕು ಸಾವಿರ ಜನ ಹೊಲಿಗೆಯವರ ಒಂದು ಜಾಗಕ್ಕೆ ಬೀಗ ಬಿತ್ತು. ಅಲ್ಲಿ ನನ್ನ ಪುಸ್ತಕದ ಹತ್ತು ಪುಟ ಇತ್ತು ಅನ್ನೋದು ನಿಜ. ನಾನು ಕೈಯಾರೆ ಬರೆದ ಎಂಟುನೂರು ಉತ್ತರಾನೂ ಅಲ್ಲೇ ಇತ್ತು. ನನ್ನ ಹತ್ತು ಪುಟ ಉಳಿಸೋಕೆ ನನ್ನದೇ ಎಂಟುನೂರು ಉತ್ತರ ಕಿತ್ತುಕೊಂಡ್ರಿ. ನನ್ನ ಹೆಸರಲ್ಲೇ."

ಅಧ್ಯಕ್ಷರು ಕನ್ನಡಕ ತೆಗೆದರು. "ಅಮ್ಮಾ, ಹಾಗಾದ್ರೆ ಕಳ್ಳತನ ಸರಿ ಅಂತೀರಾ?"

"ಇಲ್ಲ ಸ್ವಾಮಿ. ಹತ್ತು ಪುಟ ತೆಗೆಸಿ. ಪುಸ್ತಕ ಪೂರ್ತಿ ಇಟ್ಟು ಮಾರೋರನ್ನ ಹಿಡೀರಿ, ನಾನೇ ಬಂದು ಗುರುತು ಹಿಡಿದುಕೊಡ್ತೀನಿ. ಆದರೆ ಅಂಗಿಯ ತೋಳಲ್ಲಿ ಹೊಲಿಗೆ ಕೆಟ್ಟಿದ್ರೆ ತೋಳಿನ ಹೊಲಿಗೆ ಬಿಚ್ತೀವಿ. ಬಿಚ್ಚೋ ಮುಂಚೆ ಹಾಕಿಕೊಂಡೋರನ್ನ ಕೇಳ್ತೀವಿ, ಎಲ್ಲಿ ಎಳೀತಿದೆ ಅಂತ. ನಿಮ್ಮ ಮಸೂದೆಯಲ್ಲಿ ಕೇಳೋದು ಎಲ್ಲಿದೆ? ನಾನು ಎರಡು ವಾರ ಹುಡುಕಿದೆ."

"ಹತ್ತೊಂಬತ್ತನೇ ಕಲಮಿನಲ್ಲಿ ಮರುಪರಿಶೀಲನೆ ಇದೆಯಲ್ಲ?"

"ಅದು ಮುಚ್ಚಿದ ಮೇಲೆ. ತೊಂಬತ್ತು ದಿನ. ಅಲ್ಲಿ ಒಬ್ಬ ತಾಯಿಗೆ ಮಗುವಿನ ಪ್ಯಾಂಟಿನ ಮುಂದಿನ ಭಾಗ ಹೇಳಿದ್ದೆ, ಹಿಂದಿನದು ಹೇಳಿಲ್ಲ. ಆಕೆಯ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ತೊಂಬತ್ತು ದಿನದಲ್ಲಿ ಆ ಮಗು ಬೆಳೆದಿರುತ್ತೆ, ಅಳತೆಯೇ ಬದಲಾಗಿರುತ್ತೆ."

ಯಾರೋ ಸಣ್ಣಗೆ ನಕ್ಕರು, ಟೀಚರ್ ನಗಲಿಲ್ಲ. ಗಂಟೆ ಬಾರಿಸಿದರು. ಹಳದಿ ಬಿಲ್ಲೆಯವರು ಎದ್ದು ಚಪ್ಪಾಳೆ ತಟ್ಟಿದಾಗ ಅವರಿಗೆ ಕಸಿವಿಸಿಯಾಯಿತು. ಪುಸ್ತಕ, ಜೆರಾಕ್ಸ್ ಎರಡನ್ನೂ ಬ್ಯಾಗಿಗೆ ತುರುಕಿಕೊಂಡು ಬಂದು ಪ್ರಕಾಶಕರ ಪಕ್ಕದಲ್ಲೇ ಕೂತರು. ಪ್ರಕಾಶಕರು ನೀರಿನ ಬಾಟಲಿ ಮುಂದೆ ಹಿಡಿದರು. ಟೀಚರ್ ಕುಡಿದರು.

ಅವರೊಬ್ಬರ ಮಾತಿನಿಂದಲೇ ಏನೋ ಆಯಿತು ಎಂದರೆ ಸುಳ್ಳಾಗುತ್ತದೆ. ಆ ವಾರ ಮುನ್ನೂರು ಜನ ಮಾತಾಡಿದರು, ಲಕ್ಷಗಟ್ಟಲೆ ಸಹಿ ಬಿತ್ತು, ಗ್ರಂಥಪಾಲಕರು ದೇಶದ ತುಂಬ ಒಂದು ದಿನ ಕಪ್ಪು ಪಟ್ಟಿ ಕಟ್ಟಿ ಕೆಲಸ ಮಾಡಿದರು. ಕೊನೆಗೆ ಮಸೂದೆಯನ್ನು ವಾಪಸ್ ಕಳಿಸಿದರು. ತಾತ್ಕಾಲಿಕ ಆದೇಶದ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಬೂದು ಪುಟಗಳು ಒಂದೊಂದಾಗಿ ಹೋದವು.

ಸೂಜಿದಾರ ತೆರೆಯಲು ಐದು ತಿಂಗಳಾಯಿತು. ಅದನ್ನು ನಡೆಸುತ್ತಿದ್ದವರು ಒಬ್ಬ ನಿವೃತ್ತ ದರ್ಜಿ. ಬೀಗ ಬಿದ್ದ ತಾಣಕ್ಕೆ ಬಾಡಿಗೆ ಕಟ್ಟುವುದನ್ನು ಅವರು ನಡುವೆ ನಿಲ್ಲಿಸಿದ್ದರು. ಹಾಗಾಗಿ ಹಳೆಯ ಬರಹಗಳಲ್ಲಿ ಅರ್ಧದಷ್ಟು ಅಳಿಸಿಹೋಗಿದ್ದವು. 'ಅಳತೆಗೆ ಸಿಗದ ಮೈ' ವಿಭಾಗದಲ್ಲಿ ಉಳಿದದ್ದು ಮೂವತ್ತೋ ನಲವತ್ತೋ ಉತ್ತರ. ಪ್ಯಾಂಟಿನ ಪ್ರಶ್ನೆ ಕೇಳಿದ ತಾಯಿಯ ಸುಳಿವು ಸಿಗಲೇ ಇಲ್ಲ. ಟೀಚರ್ ಹಿಂದಿನ ಭಾಗದ ಕ್ರಮವನ್ನು ಹೇಗೂ ಬರೆದು ಹಾಕಿದರು, ಮೇಲುಗಡೆ "ತಡವಾಯಿತು, ಕ್ಷಮಿಸಿ" ಎಂದು ಸೇರಿಸಿ.

ಒಂದು ಭಾನುವಾರ ಎಡಗೈ ಮೂರು ಗಂಟೆ ಬಸ್ಸಿನಲ್ಲಿ ಕೂತು ಅವರನ್ನು ನೋಡಲು ಬಂದಳು. ನಲವತ್ತರ ಆಸುಪಾಸಿನ, ಎತ್ತರದ ಹೆಂಗಸು. ಬಾಗಿಲಲ್ಲೇ ನಿಂತು, "ಬೈಯೋದಿದ್ರೆ ಬೈದುಬಿಡಿ ಟೀಚರ್, ಆಮೇಲೆ ಒಳಗೆ ಬರ್ತೀನಿ" ಅಂದಳು.

"ಬೈದಾಯ್ತು ಮನಸ್ಸಲ್ಲೇ. ಬಾ. ಆ ಚಿತ್ರ ತಂದಿದ್ದೀಯಾ?"

ತಂದಿದ್ದಳು. ಇಬ್ಬರೂ ಮೇಜಿನ ಎರಡು ಬದಿಯಲ್ಲಿ ನಿಂತು ಬಲಗೈಯವರ ಚಿತ್ರ, ಎಡಗೈಯವರ ಚಿತ್ರ ಹರಡಿಕೊಂಡರು. ಅವಳು ಎಡಗೈಯಲ್ಲಿ ಕತ್ತರಿ ಆಡಿಸುವುದನ್ನು ಟೀಚರ್ ಬಾಗಿ ಬಾಗಿ ನೋಡಿ, "ನಲವತ್ತು ವರ್ಷ ಪಾಠ ಹೇಳಿದೆ, ಎಡಗೈಯವರನ್ನೆಲ್ಲ ಬಲಗೈಯಲ್ಲಿ ಹಿಡಿ ಅಂತ ಗದರಿಸಿದ್ದೇ ಆಯ್ತು" ಎಂದು ಹಲುಬಿಕೊಂಡರು. ಅವಳು ಹೊರಡುವ ಹೊತ್ತಿಗೆ ಹತ್ತು ಪುಟಕ್ಕೂ ಒಂದು ಅನುಮತಿ ಪತ್ರ ಬರೆದುಕೊಟ್ಟಿದ್ದರು.

ಮರುವರ್ಷ ತಿದ್ದಿದ ಮಸೂದೆ ಬಂತು. ತಾಣವನ್ನೆಲ್ಲ ಮುಚ್ಚುವಂತಿಲ್ಲ, ದೂರಿದ ಪುಟ ಮಾತ್ರ ತೆಗೆಯಬೇಕು, ಅದಕ್ಕೂ ಮುಂಚೆ ಹಾಕಿದವರನ್ನು ಕೇಳಬೇಕು, ಉತ್ತರಕ್ಕೆ ಮೂವತ್ತು ದಿನ ಎಂದಿತ್ತು. ಗ್ರಂಥಪಾಲಕಿ ಸಂತೋಷದಿಂದ ಪ್ರತಿ ತಂದುಕೊಟ್ಟರು. ಟೀಚರ್ ಅದನ್ನೂ ಗೀಟು ಹಾಕಿಕೊಂಡು ಓದಿದರು. ಈ ಸಲ ಯಾರೂ ಕರೆಯದಿದ್ದರೂ ತಾವೇ ಹೆಸರು ಕೊಟ್ಟು ಸಮಿತಿಯ ಮುಂದೆ ಹೋದರು. ಮೂವತ್ತು ದಿನ ಬಹಳ ಜಾಸ್ತಿ, ಅಷ್ಟರಲ್ಲಿ ಹೊಸ ಪುಸ್ತಕ ಊರೆಲ್ಲ ಹಂಚಿಹೋಗಿರುತ್ತೆ, ಹತ್ತು ದಿನ ಸಾಕು, ಬರೆದವರೂ ಬದುಕಬೇಕಲ್ಲ ಅಂದರು. ಹೋದ ವರ್ಷ ಎದ್ದು ನಿಂತು ಚಪ್ಪಾಳೆ ತಟ್ಟಿದವರು ಈ ಸಲ ಸುಮ್ಮನೆ ಕೂತಿದ್ದರು. ಒಬ್ಬರು, "ಇವರು ಯಾವ ಕಡೆಯವರಪ್ಪ?" ಅಂದದ್ದು ನನಗೆ ಕೇಳಿಸಿತು.

ಕೊನೆಗೆ ಹದಿನೈದು ದಿನ ಎಂದಾಯಿತು. ಆವತ್ತು ಸಭೆ ಮುಗಿಸಿ ಹೊರಗೆ ಬಂದಾಗ, "ಬೇಜಾರಾಯ್ತಾ ಟೀಚರ್?" ಎಂದು ಕೇಳಿದೆ.

"ಏನಕ್ಕೆ?" ಅಂದರು. ಅವರ ಕಣ್ಣು ನಮ್ಮ ಮುಂದೆ ಮೆಟ್ಟಿಲಿಳಿಯುತ್ತಿದ್ದ ಅಧ್ಯಕ್ಷರ ಬೆನ್ನ ಮೇಲಿತ್ತು. "ಪಾಪ, ಆ ಮನುಷ್ಯನ ಎಡಹೆಗಲು ತಗ್ಗು. ಯಾರೂ ನೋಡೇ ಇಲ್ಲ, ಎರಡೂ ಹೆಗಲಿಗೆ ಒಂದೇ ಅಳತೆ ಹಿಡಿದು ಕೋಟು ಹೊಲಿದಿದ್ದಾರೆ."

ಬಸ್ಸು ಬಂತು. ಕಿಟಕಿ ಪಕ್ಕದ ಸೀಟು ಅವರಿಗೆ ಬಿಟ್ಟುಕೊಟ್ಟೆ. ಅವರು ಬ್ಯಾಗಿನಿಂದ ಪೆನ್ಸಿಲ್ಲು ತೆಗೆದು ಮಸೂದೆಯ ಪ್ರತಿಯ ಹಿಂಬದಿಯಲ್ಲಿ ತಗ್ಗು ಹೆಗಲಿನ ಕೋಟಿನ ಚಿತ್ರ ಬರೆಯತೊಡಗಿದರು, ನಾಳೆ ಮಧ್ಯಾಹ್ನ ಸೂಜಿದಾರಕ್ಕೆ ಹಾಕಲು.